ಆಡ್-ಇನ್ ಅಂದರೇನು? ಯಾವುದು ಬೇಕು, ಯಾವುದು ಬೇಡ?



ಸಭೆಯಲ್ಲಿ ಗೋಡೆಯ ಮೇಲೆ ಬೆಳಕು ಬಿಟ್ಟು ಒಂದೊಂದೇ ಪುಟ ತೋರಿಸುವುದನ್ನು ನೀವು ನೋಡಿದ್ದೀರಿ. ಆ ಒಂದು ಪುಟಕ್ಕೆ ಸ್ಲೈಡ್ ಎಂದು ಹೆಸರು. ಹಿಂದೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಹೀಗೆ ತೋರಿಸುತ್ತಿದ್ದರು. 1987ರಲ್ಲಿ ಪವರ್‌ಪಾಯಿಂಟ್ ಬಂತು. ಆಮೇಲೆ ಆ ಕೆಲಸ ಕಂಪ್ಯೂಟರಿಗೆ ಹೋಯಿತು. ಕೇರಳದ ಶಾಲೆಗಳಲ್ಲಿ ನಿಮ್ಮ ಮಕ್ಕಳು ಐ.ಟಿ. ಪಾಠದಲ್ಲಿ ಕಲಿಯುವುದು ಲಿಬ್ರೆಆಫೀಸ್ ಇಂಪ್ರೆಸ್. ಅದು ಉಚಿತ. ಹೆಸರು ಬೇರೆಯಾದರೂ ಎರಡರ ಕೆಲಸ ಒಂದೇ.

ಇವತ್ತಿನ ಪಾಠ ‘ಆಡ್-ಇನ್’ ಬಗ್ಗೆ.

ಅಕ್ಕಿ ಅರೆಯುವ ಗ್ರೈಂಡರ್ ಉಂಟಲ್ಲ, ಕೆಲವು ಗ್ರೈಂಡರಿಗೆ ಕಾಯಿ ತುರಿಯುವ ತುಂಡೊಂದು ಬೇರೆಯಾಗಿ ಬರುತ್ತದೆ. ಅದನ್ನು ಸಿಕ್ಕಿಸಿದರೆ ಅದೇ ಮೋಟಾರಿನಲ್ಲಿ ಕಾಯಿಯೂ ತುರಿಯಬಹುದು. ಹೆರೆಮಣೆ ಬೇಕಿಲ್ಲ. ಆ ತುಂಡನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಆಡ್-ಇನ್ ಕೂಡ ಹಾಗೆ. ಪವರ್‌ಪಾಯಿಂಟಿಗೆ ಸಿಕ್ಕಿಸುವ ಸಣ್ಣ ಸಲಕರಣೆ ಅದು. ಪವರ್‌ಪಾಯಿಂಟಿಗೆ ತಾನಾಗಿ ಬಾರದ ಒಂದು ಕೆಲಸವನ್ನು ಮಾಡಿಕೊಡುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲಿ ಇದನ್ನು ‘ಆಡ್-ಆನ್’ ಅಂತಾರೆ. ಇಂಪ್ರೆಸ್‌ನಲ್ಲಿ ‘ಎಕ್ಸ್‌ಟೆನ್ಶನ್’.

ಇನ್ನೊಂದು ಮಾತು. ಅರೆದ ಹಿಟ್ಟನ್ನು ಪಾತ್ರೆಯಲ್ಲಿ ಹಾಕಿ ತವರುಮನೆಗೆ ಕೊಂಡುಹೋಗಬಹುದು. ಗ್ರೈಂಡರನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಹೋಗುವುದೂ ನಿಮ್ಮ ಸ್ಲೈಡುಗಳು ಮಾತ್ರ. ಆಡ್-ಇನ್ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಸಭೆ ನಡೆಯುವ ಕಂಪ್ಯೂಟರಿನಲ್ಲಿ ಅದು ಇರಬೇಕು, ಇಲ್ಲವಾದರೆ ಇಂಟರ್ನೆಟ್ಟಿನ ಮೂಲಕ ಅಲ್ಲಿಗೆ ಬರಬೇಕು.

ಇದನ್ನು ನಾನು ಸರಿಯಾಗಿ ತಿಳಿಯದೆ ಒಮ್ಮೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ದೇನೆ. ಹೇಳುತ್ತೇನೆ, ಕೇಳಿ.

ನಮ್ಮ ವಿದ್ಯಾ ಕೇಂದ್ರದಲ್ಲಿ ಕಲಿತ ಅಕ್ಕಂದಿರ ಒಂದು ಕುಟುಂಬಶ್ರೀ ಗುಂಪು ಹಲಸಿನ ಹಪ್ಪಳ ಮಾಡುತ್ತದೆ. ಹಲಸು ಬಲಿಯುವ ಕಾಲಕ್ಕೇ ಮಳೆಯೂ ಹತ್ತಿರ ಬರುತ್ತದೆ. ಜೂನ್ ಬಂದರೆ ಹಪ್ಪಳಕ್ಕೆ ಬಿಸಿಲಿಲ್ಲ. ಒತ್ತಿದ ಹಪ್ಪಳ ಬೂಸಲು ಹಿಡಿಯುತ್ತದೆ, ಮರದಲ್ಲಿ ಉಳಿದ ಹಲಸು ಕೊಳೆಯುತ್ತದೆ. ಅದಕ್ಕೆ ಅವರಿಗೆ ಒಂದು ಡ್ರೈಯರ್ ಬೇಕಿತ್ತು. ಅದಕ್ಕಾಗಿ ಸಹಾಯ ಕೇಳಲು ಒಂದು ಸಭೆಯಲ್ಲಿ ಹತ್ತು ನಿಮಿಷ ಸಮಯ ಸಿಕ್ಕಿತ್ತು. ಸ್ಲೈಡ್ ಮಾಡಿಕೊಟ್ಟವಳು ನಾನು. ಚಂದ ಕಾಣಲಿ ಅಂತ ಸಭೆಯವರಿಂದ ವೋಟು ಕೇಳುವ ಆಡ್-ಇನ್ ಒಂದನ್ನು ಹಾಕಿದ್ದೆ. ಅಕ್ಷರಗಳನ್ನು ನನ್ನಲ್ಲಿದ್ದ ಹಳೇ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದೆ.

ಆ ಹಾಲಿನಲ್ಲಿ ನೆಟ್ ಇರಲಿಲ್ಲ. ವೋಟಿನ ಸ್ಲೈಡ್ ಖಾಲಿ. ಉಳಿದ ಸ್ಲೈಡುಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಹೋಗಿತ್ತು. “ಇದೆಂತದು ಟೀಚರೇ, ನಾನು ಓದಲು ಕಲಿತದ್ದು ಈ ಅಕ್ಷರ ಅಲ್ಲವಲ್ಲ” ಎಂದು ಗುಂಪಿನ ಅಧ್ಯಕ್ಷೆ ಮೆಲ್ಲ ಕೇಳಿದರು. ಮನೆಯಲ್ಲಿ ಹದಿನೈದು ದಿನ ಓದಿ ಓದಿ ತಯಾರಾಗಿ ಬಂದಿದ್ದರು ಅವರು. ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ಸಭೆಗೆ ಬನ್ನಿ ಎಂದು ಕಳಿಸಿದರು. ಆ ವರ್ಷದ ಹಲಸು ಹೋಯಿತು.

ಆಮೇಲೆ ನಾನು ಕೂತು ಕಲಿತೆ. ಕಲಿತದ್ದನ್ನು ಬರೆಯುತ್ತೇನೆ.

ಆಡ್-ಇನ್ ಎಲ್ಲಿ ಸಿಗುತ್ತದೆ? ಹೊಸ ಪವರ್‌ಪಾಯಿಂಟಿನಲ್ಲಿ ‘ಹೋಮ್’ ಒತ್ತಿದರೆ ಬಲಗಡೆ ‘ಆಡ್-ಇನ್ಸ್’ ಎಂದು ಇರುತ್ತದೆ. ಸ್ವಲ್ಪ ಹಳೆಯದರಲ್ಲಿ ‘ಇನ್ಸರ್ಟ್’ ಒಳಗೆ ‘ಗೆಟ್ ಆಡ್-ಇನ್ಸ್’. ಗೂಗಲ್ ಸ್ಲೈಡ್ಸ್‌ನಲ್ಲಿ ‘ಎಕ್ಸ್‌ಟೆನ್ಶನ್ಸ್’ ಒಳಗೆ ನೋಡಿ. ಅಲ್ಲಿ ದೊಡ್ಡ ಸಂತೆಯೇ ಉಂಟು. ಸಂತೆಗೆ ಹೋದ ಹಾಗೆಯೇ, ಬೇಕಾದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ.

ನಮ್ಮಂಥವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಕ್ಯೂಆರ್ ಕೋಡ್ ಮಾಡುವ ಆಡ್-ಇನ್. ಕ್ಯೂಆರ್ ಕೋಡ್ ನಿಮಗೆ ಗೊತ್ತು. ಅಂಗಡಿಯಲ್ಲಿ ದುಡ್ಡು ಕೊಡುವಾಗ ಮೊಬೈಲ್ ಹಿಡಿಯುವ ಆ ಕಪ್ಪು ಬಿಳಿ ಚೌಕ. ‘ಕ್ಯೂಆರ್4ಆಫೀಸ್’ ಎಂಬ ಆಡ್-ಇನ್‌ನಲ್ಲಿ ಒಂದು ವಿಳಾಸ ಟೈಪ್ ಮಾಡಿದರೆ ಸ್ಲೈಡಿನ ಮೇಲೆ ಚೌಕ ಬಂದು ಕೂರುತ್ತದೆ. ಹಪ್ಪಳ ಮಾಡುವ ವಿಡಿಯೋ ಇದ್ದರೆ ಅದರ ವಿಳಾಸ ಹಾಕಿ. ಸಭೆಯವರು ಮೊಬೈಲ್ ಹಿಡಿದು ನೋಡುತ್ತಾರೆ. ಇದರಲ್ಲಿ ಒಂದು ಲಾಭ ಉಂಟು. ಒಮ್ಮೆ ಬಂದ ಚೌಕ ಬರೀ ಚಿತ್ರ. ಪೆನ್‌ಡ್ರೈವಿನಲ್ಲಿ ಎಲ್ಲಿಗೆ ಹೋದರೂ ಅದು ಜೊತೆಗೆ ಬರುತ್ತದೆ, ಆಡ್-ಇನ್ ಅಲ್ಲಿ ಇಲ್ಲದಿದ್ದರೂ. ಹಿಟ್ಟು ಪಾತ್ರೆಯಲ್ಲಿ ಹೋದ ಹಾಗೆ.

ಇಂಪ್ರೆಸ್ ಬಳಸುವವರಿಗೆ ಇದಕ್ಕೆ ಬೇರೆ ತುಂಡೇ ಬೇಡ. 2020ರ 6.4 ಆವೃತ್ತಿಯಿಂದ ‘ಇನ್ಸರ್ಟ್’ ಪಟ್ಟಿಯ ಒಳಗೇ ಕ್ಯೂಆರ್ ಕೋಡ್ ಇದೆ.

ಚೌಕ ಮಾಡಿದ ಮೇಲೆ ಕೋಣೆಯ ಕೊನೆಯ ಬೆಂಚಿನಲ್ಲಿ ಕೂತು ಬೇರೆಯವರ ಮೊಬೈಲಿನಲ್ಲಿ ಹಿಡಿದು ನೋಡಿ. ಸಣ್ಣ ಚೌಕ ಹಿಂದಿನವರಿಗೆ ಸಿಗುವುದಿಲ್ಲ. ದುಡ್ಡು ತೆಗೆದುಕೊಳ್ಳುವ ಚೌಕವನ್ನು ಮಾತ್ರ ಹೀಗೆ ಮಾಡಬೇಡಿ. ಅದನ್ನು ನಿಮ್ಮ ಬ್ಯಾಂಕ್ ಕೊಟ್ಟದ್ದೇ ಹಾಕಿ.

ವೋಟು ಕೇಳುವವು ಬೇರೆ ಜಾತಿ. ಸ್ಲೈಡೋ, ಮೆಂಟಿಮೀಟರ್ ಎಂಬ ಹೆಸರು ಕೇಳಿರಬಹುದು. ಸಭೆಯವರು ಮೊಬೈಲಿನಲ್ಲಿ ಉತ್ತರ ಒತ್ತಿದಂತೆ ಅದು ಗೋಡೆಯ ಮೇಲೆ ಕಾಣುತ್ತದೆ. ನೋಡಲು ಬಹಳ ಚಂದ. ಆದರೆ ನೆಟ್ ಬೇಕೇ ಬೇಕು, ನಿಮಗೂ ಬೇಕು, ಕೇಳುವವರಿಗೂ ಬೇಕು. ‘ವೆಬ್ ವ್ಯೂವರ್’ ಎಂಬುದೂ ಹಾಗೆ, ಇಂಟರ್ನೆಟ್ಟಿನ ಪುಟವನ್ನು ಸ್ಲೈಡಿನೊಳಗೆ ತೋರಿಸುತ್ತದೆ. ನೆಟ್ ಗಟ್ಟಿ ಇರುವ ಜಾಗಕ್ಕೆ ಸರಿ. ನಮ್ಮ ಗುಡ್ಡದ ಮೇಲಿನ ವಾರ್ಡುಗಳಲ್ಲಿ ಕೈ ಎತ್ತಿಸಿ ಲೆಕ್ಕ ಮಾಡುವುದೇ ವಾಸಿ.

ಚಿತ್ರ ತಂದುಕೊಡುವ ಆಡ್-ಇನ್‌ಗಳೂ ಇವೆ. ಯಾವುದೋ ದೇಶದ ಅಡುಗೆಮನೆ, ನಗುವ ಹೆಂಗಸು. ನಿಮ್ಮ ಅಂಗಳದ ಚಾಪೆಯಲ್ಲಿ ಹರಡಿದ ಹಪ್ಪಳದ ಫೋಟೋ ಹಾಕಿ, ಸಾಕು. ಸಮಯ ತೋರಿಸುವ ಆಡ್-ಇನ್ ಬಗ್ಗೆ ಕೇಳಿದವರಿಗೆ ನನ್ನ ಉತ್ತರ: ಕೈಗಡಿಯಾರ.

ಇನ್ನು ಸ್ವಲ್ಪ ನಿಧಾನಕ್ಕೆ ಓದಬೇಕಾದ ವಿಷಯ. ಆಡ್-ಇನ್ ಸೇರಿಸುವ ಮೊದಲು ಅದರ ವಿವರದಲ್ಲಿ ಅದು ಏನೇನು ಮಾಡಬಹುದು ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅನೇಕ ಆಡ್-ಇನ್‌ಗಳಿಗೆ ನಿಮ್ಮ ಕಡತವನ್ನು ಓದುವ, ಬದಲಿಸುವ ಅನುಮತಿ ಇರುತ್ತದೆ. ಕೆಲವು ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಹೊರಗೆ ಕಳಿಸಬಹುದು. ಹಾಗಂದರೆ ಕಳ್ಳ ಎಂದಲ್ಲ. ಆದರೆ ಗುಂಪಿನ ಸ್ಲೈಡಿನಲ್ಲಿ ಸದಸ್ಯರ ಬ್ಯಾಂಕ್ ಖಾತೆ ನಂಬರು, ಆಧಾರ್ ನಂಬರು ಇದ್ದರೆ? ನಾನು ಈಗ ಮಾಡುವುದು ಹೀಗೆ. ಹೊಸ ಖಾಲಿ ಕಡತ ತೆರೆಯುತ್ತೇನೆ. ಅದರಲ್ಲಿ ಆಡ್-ಇನ್‌ನಿಂದ ಕ್ಯೂಆರ್ ಚೌಕ ಮಾಡುತ್ತೇನೆ. ಆ ಚೌಕವನ್ನು ಮಾತ್ರ ಕಾಪಿ ಮಾಡಿ ಗುಂಪಿನ ಸ್ಲೈಡಿಗೆ ಅಂಟಿಸುತ್ತೇನೆ. ಖಾತೆ ನಂಬರುಗಳನ್ನು ಸ್ಲೈಡಿನಲ್ಲಿ ಹಾಕುವುದನ್ನೇ ಬಿಟ್ಟಿದ್ದೇವೆ.

ಕನ್ನಡ ಅಕ್ಷರದ ವಿಷಯ. ಹಳೇ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದು ಈಗಿನ ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಕನ್ನಡವಾಗಿಯೇ ಇರುತ್ತದೆ. ಪರೀಕ್ಷೆ ಸುಲಭ. ಬರೆದದ್ದನ್ನು ಆಯ್ಕೆ ಮಾಡಿ ಫಾಂಟನ್ನು ‘ಏರಿಯಲ್’ ಎಂದು ಬದಲಿಸಿ. ಕನ್ನಡ ಉಳಿದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರ ಕಲಸಿದ ಹಾಗೆ ಆದರೆ ಹಳೇದು, ಪುನಃ ಟೈಪ್ ಮಾಡಿ.

ಎಲ್ಲ ಮುಗಿದ ಮೇಲೆ ‘ಸೇವ್ ಆ್ಯಸ್’ ಒತ್ತಿ ಒಂದು ಪಿಡಿಎಫ್ ಪ್ರತಿ ಮಾಡಿ. ಪಿಡಿಎಫ್‌ನಲ್ಲಿ ಅಕ್ಷರ, ಚಿತ್ರ ಎಲ್ಲ ಇದ್ದಲ್ಲೇ ಗಟ್ಟಿಯಾಗಿ ಕೂರುತ್ತವೆ. ಹಾರುವ ಕುಣಿಯುವ ಅಕ್ಷರ ಇದ್ದರೆ ಅದು ನಿಲ್ಲುತ್ತದೆ, ನಷ್ಟ ಅಷ್ಟೇ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ, ವಾಟ್ಸ್‌ಆ್ಯಪಿನಲ್ಲಿ ನಿಮಗೇ ಒಂದು ಕಳಿಸಿಕೊಳ್ಳಿ.

ಎರಡನೇ ಸಭೆಗೆ ಅಕ್ಕಂದಿರು ಆರೇ ಸ್ಲೈಡಿನ ಪಿಡಿಎಫ್ ಒಯ್ದರು. ಕೊನೆಯ ಸ್ಲೈಡಿನಲ್ಲಿ ಒಂದು ಕ್ಯೂಆರ್ ಚೌಕ. ಅಧ್ಯಕ್ಷೆ ಗೋಡೆ ನೋಡಿ ತಾನೇ ಓದಿದರು, ಎರಡು ಕಡೆ ತಡವರಿಸಿದರು, ಮತ್ತೆ ಓದಿದರು. ಡ್ರೈಯರಿನ ಅರ್ಜಿ ತೆಗೆದುಕೊಂಡಿದ್ದಾರೆ. ಯಂತ್ರ ಇನ್ನೂ ಬಂದಿಲ್ಲ.

ಮಾಡಿ ನೋಡಿ

1. ನಿಮ್ಮ ಗುಂಪಿನ ಕೆಲಸದ ಬಗ್ಗೆ ಮೂರು ಸ್ಲೈಡಿಗೆ ಬೇಕಾದ ವಾಕ್ಯಗಳನ್ನು ಮೊದಲು ಪುಸ್ತಕದಲ್ಲಿ ಬರೆಯಿರಿ. ಒಂದು ಸ್ಲೈಡಿಗೆ ಮೂರು ಸಾಲು ಸಾಕು.

2. ಕೇಂದ್ರದ ಕಂಪ್ಯೂಟರಿನಲ್ಲಿ ನಿಮ್ಮ ಹೆಸರನ್ನು ಟೈಪ್ ಮಾಡಿ ‘ಏರಿಯಲ್’ ಪರೀಕ್ಷೆ ಮಾಡಿ. ಏನಾಯಿತು ಎಂದು ಬರೆಯಿರಿ.

3. ಸ್ಲೈಡಿನಲ್ಲಿ ಹಾಕಬಾರದ ಎರಡು ನಂಬರುಗಳು ಯಾವುವು? ಪಕ್ಕದವರಿಗೆ ಓದಿ ಹೇಳಿ.