ಜಾಲದಲ್ಲಿ ಸಿಕ್ಕ ಕವಿತೆ, ತರಗತಿಯಲ್ಲಿ ಕಲಿತ ಪಾಠ

ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ಒಳ್ಳೆಯ ಗ್ರಂಥಾಲಯವಿಲ್ಲದ ಊರಿನಲ್ಲಿ ಅಂತರಜಾಲವೇ ನನ್ನ ಪುಸ್ತಕದ ಬೀರು. ಅದನ್ನು ಬಳಸುವ ಕ್ರಮವನ್ನು ಬಿ.ಎಡ್.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಎಡವುತ್ತ ಗೊತ್ತುಮಾಡಿಕೊಂಡದ್ದು ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

1. ಫಾರ್ವರ್ಡ್ ಆಗಿ ಬಂದ ವಚನವನ್ನು ನೇರ ಬೋರ್ಡಿಗೆ ಏರಿಸಬಾರದು

ವಾಟ್ಸಾಪಿನಲ್ಲಿ ಬಂದ ಕೆಲವು ಸಾಲುಗಳನ್ನು ಬಸವಣ್ಣನವರ ವಚನವೆಂದೇ ನಂಬಿ ಬೋರ್ಡಿನ ಮೇಲೆ ಬರೆದು, ಅರ್ಧ ಪೀರಿಯಡ್ ವಿವರಿಸಿದ್ದೆ. "ಅಂಕಿತ ಎಲ್ಲಿ ಮೇಡಂ?" ಎಂದು ಒಬ್ಬ ಹುಡುಗಿ ಕೇಳಿದಳು. ಕೂಡಲಸಂಗಮದೇವ ಅದರಲ್ಲಿ ಎಲ್ಲೂ ಇರಲಿಲ್ಲ. ನಾನೇ ಕಲಿಸಿದ ಪಾಠವನ್ನು ನಾನೇ ಮರೆತಿದ್ದೆ. ಅವತ್ತು ಸಂಜೆ 'ವಚನ ಸಂಚಯ'ದಲ್ಲಿ ಹುಡುಕಿದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿರುವ ಆ ಸಂಗ್ರಹದಲ್ಲಿ ಆ ಸಾಲುಗಳು ಸಿಗಲಿಲ್ಲ. ಮರುದಿನ ಮಕ್ಕಳ ಮುಂದೆ ಹಾಗೆಂದೇ ಹೇಳಿ ಬೋರ್ಡು ಒರೆಸಿದೆ.

ಅಂಕಿತ ಇದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಮೂರು ಸಾಲು ಹೊಸೆದು ಕೊನೆಗೆ 'ಸರ್ವಜ್ಞ' ಎಂದು ಸೇರಿಸುವುದು, ನಾಲ್ಕು ಸಾಲು ಬರೆದು 'ಮಂಕುತಿಮ್ಮ' ಎಂದು ಮುಗಿಸುವುದು ಬಹಳ ಜನರ ಹವ್ಯಾಸ. ಕಗ್ಗದಲ್ಲಿರುವುದು 945 ಪದ್ಯ, ಪುಸ್ತಕ ತೆರೆದರೆ ಅನುಮಾನ ತೀರುತ್ತದೆ. ವಚನಗಳಿಗಾದರೆ ಸಮಗ್ರ ವಚನ ಸಂಪುಟದ 15 ಸಂಪುಟಗಳಿವೆ.

ಅಂದು ಪರೀಕ್ಷಿಸಲು ಹೋದ ನನಗೆ ಪಾಠ ಮಾಡುವ ಹೊಸ ದಾರಿಯೊಂದೂ ಸಿಕ್ಕಿತು. ವಚನ ಸಂಚಯದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತದೆ. 'ಮರ' ಎಂದು ಹುಡುಕಿ ಅಕ್ಕ, ಅಲ್ಲಮ, ಬಸವಣ್ಣ ಮೂವರನ್ನೂ ಪಕ್ಕಪಕ್ಕ ಇಟ್ಟರೆ ಒಬ್ಬೊಬ್ಬರ ಮನಸ್ಸು ಬೇರೆ ಬೇರೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ.

2. ಹುಡುಕಿದಾಗ ಸಿಗದಿದ್ದರೆ ಸೊನ್ನೆಯನ್ನು ನೋಡಬೇಕು

ಕಣ್ಣ ಮುಂದೆಯೇ ಇರುವ ಪದ್ಯ ಹುಡುಕಾಟದಲ್ಲಿ ಸಿಗದೆ ಬಹಳ ಕಾಲ ಒದ್ದಾಡಿದ್ದೇನೆ. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಹಾಕಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಈಗ ಅನುಸ್ವಾರವಿಲ್ಲದ, ಅಪರೂಪದ ಪದವೊಂದನ್ನು ಆರಿಸಿ ಹುಡುಕುತ್ತೇನೆ. ಯೂನಿಕೋಡ್‌ಗೆ ಮೊದಲು ನುಡಿ, ಬರಹದಲ್ಲಿ ಮಾಡಿಟ್ಟ ಟಿಪ್ಪಣಿಗಳನ್ನು ಹೊಸ ಫೋನಿನಲ್ಲಿ ತೆರೆದರೆ ಬರೀ ಗೋಜಲು. ಅವುಗಳನ್ನು ಎಸೆಯಬೇಡಿ, ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.

3. ಷಟ್ಪದಿಯನ್ನು ಮೊದಲು ಕಿವಿಗೆ ಕೊಡಬೇಕು

ವರ್ಷಗಟ್ಟಲೆ ನಾನು ಭಾಮಿನಿ ಷಟ್ಪದಿಯನ್ನು ಲೆಕ್ಕದ ಪಾಠದಂತೆ ಮಾಡಿದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ, ಕೊನೆಗೊಂದು ಗುರು. ಮಕ್ಕಳು ಪ್ರಸ್ತಾರ ಹಾಕಿ ಪೂರ್ತಿ ಅಂಕ ತೆಗೆದುಕೊಳ್ಳುತ್ತಿದ್ದರು. ಆದರೆ ಪದ್ಯ ಓದಲು ಹೇಳಿದರೆ ವರದಿ ಓದಿದಂತೆ ಓದುತ್ತಿದ್ದರು. ತಪ್ಪು ಅವರದಲ್ಲ, ನಾನೂ ಹಾಗೆಯೇ ಓದುತ್ತಿದ್ದೆ.

ಯೂಟ್ಯೂಬಿನಲ್ಲಿ ಗಮಕ ಕೇಳಿದ ಮೇಲೆ ನನ್ನ ಓದು ಬದಲಾಯಿತು. ಶಿವಮೊಗ್ಗದ ಬಳಿ ತುಂಗಾ ತೀರದಲ್ಲಿರುವ ಮತ್ತೂರು, ಹೊಸಹಳ್ಳಿಗಳು ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ. ಗಮಕಿ ಪದ್ಯವನ್ನು ರಾಗದಲ್ಲಿ ವಾಚಿಸುತ್ತಾರೆ, ಪಕ್ಕದಲ್ಲಿ ಕುಳಿತವರು ವ್ಯಾಖ್ಯಾನ ಮಾಡುತ್ತಾರೆ. ಸಂಗೀತ ಕಛೇರಿಯಂತೆ ಇಲ್ಲಿ ಮಾತು ರಾಗದಲ್ಲಿ ಮುಳುಗುವುದಿಲ್ಲ. ಅರ್ಥ ಒಡೆಯುವ ಕಡೆ ಉಸಿರು ನಿಲ್ಲುತ್ತದೆ. ಕೋಪಕ್ಕೊಂದು ರಾಗ, ಶೋಕಕ್ಕೊಂದು ರಾಗ. ಗದುಗಿನ ಭಾರತದ ಪಠ್ಯವನ್ನು ಸ್ವಯಂಸೇವಕರು ಟೈಪ್ ಮಾಡಿ ಜಾಲದಲ್ಲಿ ಇಟ್ಟಿದ್ದಾರೆ. ಆ ಪಠ್ಯವನ್ನು ಮಕ್ಕಳ ಮುಂದಿಟ್ಟು, ವಾಚನ ಕೇಳಿಸಿ, ಮೂರು-ನಾಲ್ಕಕ್ಕೆ ಮೇಜು ತಟ್ಟಲು ಹೇಳುತ್ತೇನೆ. ಮೂರನೆಯ ಸಾಲು ಉದ್ದವಾಗುವುದನ್ನು ಅವರ ಕೈ ಮೊದಲು ಕಂಡುಕೊಳ್ಳುತ್ತದೆ. ಪ್ರಸ್ತಾರವನ್ನು ಆಮೇಲೆ ಹಾಕಿಸುತ್ತೇನೆ. ಅಷ್ಟು ಹೊತ್ತಿಗೆ ಅದು ಅವರಿಗೆ ಕೇಳಿಸಿದ್ದನ್ನೇ ಬರೆದಿಡುವ ಕೆಲಸವಾಗಿರುತ್ತದೆ.

4. ಭಾವಗೀತೆಗೆ ಮೊದಲು ಓದು, ಆಮೇಲೆ ಹಾಡು

ಷಟ್ಪದಿಯಲ್ಲಿ ಗೆದ್ದ ಉತ್ಸಾಹದಲ್ಲಿ ನವೋದಯದ ಕವಿತೆಗಳನ್ನೂ ಹಾಡಿನಿಂದಲೇ ಶುರುಮಾಡಿದೆ. ಅದು ಕೈಕೊಟ್ಟಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗಿನಿಂದ ಕನ್ನಡ ಕವಿತೆ ಮನೆಮನೆಗೆ ಹೋದದ್ದು ಹಾಡಾಗಿಯೇ. ಆ ಋಣ ದೊಡ್ಡದು. ಆದರೆ ರಾಗ ಹಾಕುವವರು ಎಷ್ಟೋ ಸಲ ಕೆಲವು ನುಡಿಗಳನ್ನು ಬಿಡುತ್ತಾರೆ, ಮೊದಲ ಸಾಲನ್ನು ಪಲ್ಲವಿ ಮಾಡಿ ಮತ್ತೆ ಮತ್ತೆ ತರುತ್ತಾರೆ. ನನ್ನ ಮಕ್ಕಳು ಪರೀಕ್ಷೆಯಲ್ಲಿ ಹಾಡಿದ ನುಡಿಗಳನ್ನಷ್ಟೇ ಬರೆದು, ಬಿಟ್ಟುಹೋದದ್ದು ಕವಿತೆಯಲ್ಲಿ ಇದೆ ಎಂಬುದನ್ನೇ ಅರಿಯದೆ ಬಂದಿದ್ದರು. ಈಗ ಮೊದಲು ಗಟ್ಟಿಯಾಗಿ ಓದಿಸುತ್ತೇನೆ. ಆಮೇಲೆ ಹಾಡು ಕೇಳಿಸಿ, ಏನು ಬಿಟ್ಟಿದ್ದಾರೆ, ಬಿಟ್ಟದ್ದರಿಂದ ಏನಾಯಿತು ಎಂದು ಕೇಳುತ್ತೇನೆ. ಕವಿಯ ಧ್ವನಿಯೇ ಸಿಕ್ಕಿದರೆ ಇನ್ನೂ ಒಳ್ಳೆಯದು. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಬಗ್ಗೆ ತೆಗೆದ ಸಾಕ್ಷ್ಯಚಿತ್ರವನ್ನು ಪ್ರತಿಯೊಬ್ಬ ಕನ್ನಡ ಮೇಷ್ಟರೂ ನೋಡಬೇಕು.

5. ಸ್ಕ್ಯಾನ್ ಇದೆ ಎಂದ ಮಾತ್ರಕ್ಕೆ ಹಂಚಬಹುದೆಂದಲ್ಲ

ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ರಾಶಿ ಇವೆ. ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದಿರುವುದರಿಂದ ನಾಲ್ಕಾರು ಬಗೆಯ ಕಾಗುಣಿತದಲ್ಲಿ ಹುಡುಕುವ ತಾಳ್ಮೆ ಬೇಕು. ಅಲ್ಲಿ ಸಿಕ್ಕ ಸಂಕಲನವೊಂದರ ಪಿಡಿಎಫ್ ಅನ್ನು ಇಡೀ ಶಾಲೆಯ ಗುಂಪಿಗೆ ಕಳಿಸಿದ ತಪ್ಪು ನನ್ನದು. ನಮ್ಮಲ್ಲಿ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿಎಂಶ್ರೀಯವರ ಕವಿತೆಗಳು ಎಂದೋ ಮುಕ್ತವಾಗಿವೆ. ಗೋವಿಂದ ಪೈಗಳದು 2024ರ ಜನವರಿಯಿಂದ ಮುಕ್ತ. ಬೇಂದ್ರೆಯವರದು 2041 ಮುಗಿಯುವವರೆಗೆ ಅವರ ಹಕ್ಕುದಾರರದು. ಅಂಥ ಪುಸ್ತಕವನ್ನು ಕೊಂಡು ಶಾಲೆಯಲ್ಲಿಡಿ. ಕನ್ನಡ ಕಾವ್ಯದ ಪುಸ್ತಕಗಳೇನೂ ದುಬಾರಿಯಲ್ಲ.

6. ಮಕ್ಕಳು ಬರೆದದ್ದನ್ನು ಅಂದೇ ಫೇಸ್‌ಬುಕ್ಕಿಗೆ ಹಾಕಬಾರದು

ಹುಡುಗನೊಬ್ಬನ ಪದ್ಯವನ್ನು ಹೆಮ್ಮೆಯಿಂದ ಹಾಕಿದೆ. ನೂರಾರು ಜನ ಹೊಗಳಿದರು. ಆಮೇಲೆ ಅವನು ಬರೆದದ್ದೆಲ್ಲ ಅದೇ ಪದ್ಯದ ನಕಲು. ತಿದ್ದಲು ಕೂತರೆ "ಎಲ್ಲರಿಗೂ ಇಷ್ಟ ಆಗಿದೆಯಲ್ಲ ಮೇಡಂ" ಎನ್ನುತ್ತಿದ್ದ. ಅವನಿಗೆ ಆ ವಯಸ್ಸಿನಲ್ಲಿ ಬೇಕಾಗಿದ್ದ ಏಕಾಂತವನ್ನು ಕಿತ್ತುಕೊಂಡವಳು ನಾನು. ಈಗ ಬರೆದವರು ತಮ್ಮ ಪದ್ಯವನ್ನು ಫೋನಿನಲ್ಲಿ ತಾವೇ ಓದಿ ರೆಕಾರ್ಡ್ ಮಾಡಿ, ವಾರ ಬಿಟ್ಟು ಕೇಳಬೇಕು. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ತಿದ್ದಬೇಕು. ಪದಕ್ಕೆ ತಡಕಾಡುವವರಿಗೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ 'ಅಲರ್' ನಿಘಂಟು ಉಚಿತವಾಗಿದೆ.

7. ಜಾಲದಲ್ಲಿ ಇಲ್ಲದ್ದು ಮನೆಯಲ್ಲಿ ಇರಬಹುದು

ಬೀಸುವ ಪದ, ಸೋಬಾನೆ ಪದಗಳನ್ನೂ ಜಾಲದಲ್ಲೇ ಹುಡುಕಿಸುತ್ತಿದ್ದೆ. "ನಮ್ಮಜ್ಜಿ ಬೇರೆ ಥರ ಹೇಳ್ತಾರೆ" ಎಂದು ಒಬ್ಬಳು ಹೇಳಿದ ಮೇಲೆ ಕೆಲಸ ತಿರುಗಿತು. ಈಗ ಮಕ್ಕಳು ಅಜ್ಜಿಯರ ಒಪ್ಪಿಗೆ ಕೇಳಿ ಅವರ ಹಾಡು ರೆಕಾರ್ಡ್ ಮಾಡುತ್ತಾರೆ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಹಾಡಿನ ಮೊದಲೇ ಅವರ ಬಾಯಲ್ಲೇ ಹೇಳಿಸುತ್ತಾರೆ. ಅರ್ಥವಾಗದ ಪದವನ್ನು ತಿದ್ದದೆ, ಕೇಳಿಸಿದಂತೆಯೇ ಬರೆದು ಪಕ್ಕದಲ್ಲಿ ಗುರುತು ಹಾಕುತ್ತಾರೆ. ಧ್ವನಿಯನ್ನು ಎರಡು ಕಡೆ ಉಳಿಸಿಟ್ಟು, ಒಂದು ಪ್ರತಿಯನ್ನು ಆ ಮನೆಯವರಿಗೇ ಕೊಡುತ್ತೇವೆ.