ಕಿವಿಯ ಬುಡದ ಗಂಟು: ಭಯವೂ ಬೇಡ, ಉದಾಸೀನವೂ ಬೇಡ

ಹಲವು ವರ್ಷಗಳ ಹಿಂದೆ ಔರಾದ ಕಡೆಯ ರೈತರೊಬ್ಬರು ಭಾಲ್ಕಿಯ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಕಿವಿಯ ಬುಡದಲ್ಲಿ ಅಡಿಕೆಯಷ್ಟು ಗಂಟು, ನೋವಿಲ್ಲ, ಜ್ವರವಿಲ್ಲ. ನಾವು ಲೇಪ ಕೊಟ್ಟು ಕಳುಹಿಸಿದೆವು. ಮೂರು ವರ್ಷಗಳ ಬಳಿಕ ಮರಳಿದಾಗ ಗಂಟು ನಿಂಬೆಹಣ್ಣಿನಷ್ಟಾಗಿ, ಬಾಯಿ ಒಂದು ಬದಿಗೆ ವಾಲಿತ್ತು. ಅಂದೇ ಪರೀಕ್ಷೆಗೆ ಕಳುಹಿಸದಿದ್ದುದು ನಮ್ಮ ತಪ್ಪು. ಅದು ಮರುಕಳಿಸದಿರಲೆಂದೇ ಈ ಬರಹ.

ಲಾಲಾರಸವನ್ನು ಸ್ರವಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ಬಾಯಿಯ ಒಳಪೊರೆಯಲ್ಲಿ ನೂರಾರು ಕಿರುಗ್ರಂಥಿಗಳೂ ಇವೆ. ಇವುಗಳಲ್ಲಿ ಹುಟ್ಟುವ ಗೆಡ್ಡೆಗಳು ವಿರಳ. ಹುಟ್ಟಿದವುಗಳಲ್ಲಿ ಬಹುಪಾಲು ಕಿವಿಯ ಮುಂದಿನ ಗ್ರಂಥಿಯವು. ಅಲ್ಲಿಯ 100 ಗೆಡ್ಡೆಗಳಲ್ಲಿ ಸುಮಾರು 20ರಿಂದ 25 ಮಾತ್ರ ಕ್ಯಾನ್ಸರ್. ದವಡೆಯ ಕೆಳಗಿನ ಗ್ರಂಥಿಯಲ್ಲಿ ಈ ಪ್ರಮಾಣ ಅರ್ಧದ ಸಮೀಪಕ್ಕೆ ಏರುತ್ತದೆ. ನಾಲಿಗೆಯ ಅಡಿಯದರಲ್ಲಿ ಹೆಚ್ಚಿನವು ಕ್ಯಾನ್ಸರೇ. ಗ್ರಂಥಿ ಚಿಕ್ಕದಾದಷ್ಟೂ ಅನುಮಾನ ದೊಡ್ಡದಿರಬೇಕು.

ಎಲ್ಲ ಊತವೂ ಗೆಡ್ಡೆಯಲ್ಲ. ಜ್ವರದೊಡನೆ ಕೆನ್ನೆ ಊದಿದರೆ ಮಂಗನಬಾವು ಇರಬಹುದು. ಊಟದ ಹೊತ್ತಿಗೆ ಊದಿ, ನೋಯಿಸಿ, ಆಮೇಲೆ ಇಳಿದರೆ ನಾಳದಲ್ಲಿ ಕಲ್ಲಿರಬಹುದು. ಎರಡು-ಮೂರು ವಾರ ಕಳೆದರೂ ಕರಗದ ಗಂಟನ್ನು ಮಾತ್ರ ತೋರಿಸಲೇಬೇಕು. ಬೇಗ ಬೆಳೆಯುವುದು, ಅಲುಗದೆ ಅಂಟಿಕೊಳ್ಳುವುದು, ನೋವು, ಚರ್ಮ ಹುಣ್ಣಾಗುವುದು, ಕುತ್ತಿಗೆಯಲ್ಲಿ ಬೇರೆ ಗಂಟುಗಳು ಏಳುವುದು ಅಪಾಯದ ಚಿಹ್ನೆಗಳು. ಮುಖದ ನರವು ಕಿವಿಯ ಮುಂದಿನ ಗ್ರಂಥಿಯ ನಡುವೆಯೇ ಹಾದುಹೋಗುವುದರಿಂದ ಕಣ್ಣು ಮುಚ್ಚದಿರುವುದು, ಬಾಯಿ ವಾಲುವುದು ಅತ್ಯಂತ ಗಂಭೀರ. ಆದರೆ ನೋವಿಲ್ಲವೆಂಬುದು ನಿರಪಾಯದ ಖಾತರಿಯಲ್ಲ. ಸಾಧುವಾದ ಗೆಡ್ಡೆಯೂ ವರ್ಷಾನುಗಟ್ಟಲೆ ಉಳಿದರೆ ಕೆಲವರಲ್ಲಿ ಕ್ಯಾನ್ಸರಾಗಿ ಮಾರ್ಪಡುತ್ತದೆ.

ಸುಶ್ರುತ ಸಂಹಿತೆಯ ನಿದಾನಸ್ಥಾನವು ಅರ್ಬುದವನ್ನು ಸ್ಥಿರವಾದ, ಅಲ್ಪ ನೋವಿನ, ನಿಧಾನವಾಗಿ ಬೆಳೆಯುವ, ಕೀವಾಗದ ಗಂಟೆಂದು ವರ್ಣಿಸುತ್ತದೆ. ಸುಶ್ರುತರು ಶಸ್ತ್ರವೈದ್ಯರೆಂಬುದನ್ನು ಆಯುರ್ವೇದಿಗಳಾದ ನಾವು ಮರೆಯಬಾರದು. ಇಂತಹ ಗಂಟಿಗೆ ಸುಣ್ಣ ಹಚ್ಚುವುದು, ಬರೆ ಹಾಕುವುದು, ಉಜ್ಜುವುದು ಸಲ್ಲದು. ಹೊತ್ತು ಕಳೆಯುವುದೇ ದೊಡ್ಡ ಹಾನಿ.

ಮೊದಲು ಬೀದರಿನ ಬ್ರಿಮ್ಸ್ ಆಸ್ಪತ್ರೆಯಂತಹ ಕಡೆ ಕಿವಿ-ಮೂಗು-ಗಂಟಲಿನ ತಜ್ಞರಿಗೆ ತೋರಿಸಿರಿ. ಸ್ಕ್ಯಾನಿಂಗ್ ಮತ್ತು ಸೂಜಿಯಿಂದ ಜೀವಕೋಶ ತೆಗೆಯುವ ಪರೀಕ್ಷೆಯಿಂದ ಗೆಡ್ಡೆಯ ಸ್ವರೂಪ ಬಹುತೇಕ ತಿಳಿಯುತ್ತದೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಭಯದಿಂದ ಈ ಪರೀಕ್ಷೆಯನ್ನು ತಪ್ಪಿಸಬೇಡಿರಿ. ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರ. ಗಂಟು ಚಿಕ್ಕದಿರುವಾಗ ಮುಖದ ನರವನ್ನು ಉಳಿಸುವುದು ಸುಲಭ. ನಮ್ಮ ಪಥ್ಯ, ಔಷಧಿಗಳು ಆ ಬಳಿಕ ದೇಹಬಲಕ್ಕೆ ನೆರವಾಗಲಿ, ಅದೂ ಆ ವೈದ್ಯರಿಗೆ ತಿಳಿಸಿಯೇ.

ನಾಳೆ ಬೆಳಿಗ್ಗೆ ಮುಖ ತೊಳೆಯುವಾಗ ಕಿವಿಯ ಬುಡ, ದವಡೆಯ ಕೆಳಗೆ ಒಮ್ಮೆ ಬೆರಳಾಡಿಸಿರಿ. ಮನೆಯ ಹಿರಿಯರಿಗೂ ಹೇಳಿರಿ.