ದ್ವಿದಳ ಬೆಳೆಗಳಲ್ಲಿ ನಂಜುರೋಗ ನಿರೋಧಕ ತಳಿ

ಸ್ಥಳೀಯ ಹಿನ್ನೆಲೆ
ಹುನಗುಂದ, ಇಳಕಲ್ ಭಾಗದ ಎರೆಹೊಲಗಳಲ್ಲಿ ಮುಂಗಾರಿಗೆ ಹೆಸರು, ಅದು ಬಂದ ಮೇಲೆ ಹಿಂಗಾರಿಗೆ ಬಿಳಿಜೋಳ ಇಲ್ಲವೆ ಕಡಲೆ ಬಿತ್ತುವ ರೂಢಿಯಿದೆ. ಹೆಸರಿಗೆ ದೊಡ್ಡ ಕಾಟ ಹಳದಿ ನಂಜುರೋಗ.

ರೋಗದ ಗುರುತು
ಎಳೆ ಎಲೆಯಲ್ಲಿ ಚದುರಿದ ಹಳದಿ ಚುಕ್ಕೆ. ಬರಬರುತ್ತ ಹಸಿರು–ಹಳದಿ ತೇಪೆ. ಕೊನೆಗೆ ಎಲೆ ಪೂರ್ತಿ ಹಳದಿ. ಕಾಯಿ ಚಿಕ್ಕದು, ಕಾಳು ಸಣಕಲು.

ವ್ಯತ್ಯಾಸ ನೆನಪಿಡಿ
- ಹೆಸರಿನ ಹಳದಿ ನಂಜು: ಬೆಗೊಮೊವೈರಸ್, ಹರಡುವುದು ಬಿಳಿನೊಣ.
- ಬೀನ್ಸ್ ಸಾಮಾನ್ಯ ಮೊಸಾಯಿಕ್: ಪಾಟಿವೈರಸ್, ಹರಡುವುದು ಸಸ್ಯಹೇನು ಮತ್ತು ಬೀಜ.
- ಬೀನ್ಸ್ ವೈಜ್ಞಾನಿಕ ಹೆಸರು: ಫ್ಯಾಸಿಯೋಲಸ್ ವಲ್ಗ್ಯಾರಿಸ್, ಹೆಸರು: ವಿಗ್ನಾ ರೇಡಿಯೇಟಾ.

ತಳಿ ಅಭಿವೃದ್ಧಿ
- ಪರೀಕ್ಷೆಯ ಸಾಲುಗಳ ನಡುವೆ ಬೇಗ ರೋಗ ತಗಲುವ ತಳಿಯನ್ನು ಬೇಕೆಂದೇ ಬಿತ್ತುತ್ತಾರೆ. ಅದು ಹಳದಿಯಾದಾಗಲೂ ಹಸಿರಾಗಿ ಉಳಿದ ಗಿಡಗಳೇ ಆಯ್ಕೆ.
- ಬೀನ್ಸ್‌ನಲ್ಲಿ ಪ್ರಬಲ 'ಐ' ಜೀನ್ ಒಂದೇ ಇದ್ದರೆ ಕೆಲವು ವೈರಸ್ ಪ್ರಭೇದಗಳಿಂದ ಬೇರು ಕಪ್ಪಾಗಿ ಗಿಡ ಸಾಯುತ್ತದೆ. ಆದ್ದರಿಂದ ಅದರೊಡನೆ 'ಬಿಸಿ' ಎಂಬ ಅಪ್ರಬಲ ಜೀನ್‌ಗಳನ್ನೂ ಸೇರಿಸುತ್ತಾರೆ. ಇದೇ ಜೀನ್ ಪಿರಮಿಡಿಂಗ್.
- ಹೆಸರಿನ ನಿರೋಧಕ ತಳಿ: 'ವಿರಾಟ್' (ಕಾನ್ಪುರದ ಭಾರತೀಯ ದ್ವಿದಳ ಧಾನ್ಯ ಸಂಶೋಧನಾ ಸಂಸ್ಥೆ).
- ಬೀನ್ಸ್: 'ಅರ್ಕಾ ಅರ್ಜುನ್', ಹಳದಿ ನಂಜು ನಿರೋಧಕ (ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ).
- ಬ್ರೆಜಿಲ್: ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದ ನಂಜು ನಿರೋಧಕ ಕುಲಾಂತರಿ ಬೀನ್ಸ್‌ಗೆ 2011ರಲ್ಲಿ ಅನುಮತಿ, ತಂತ್ರ ಆರ್‌ಎನ್‌ಎ ಹಸ್ತಕ್ಷೇಪ.

ಮಾದರಿ ಪ್ರಶ್ನೆ
ಹೆಸರು ಬೆಳೆಯ ಹಳದಿ ನಂಜುರೋಗದ ವಾಹಕ ಯಾವುದು?
ಎ) ಸಸ್ಯಹೇನು ಬಿ) ಥ್ರಿಪ್ಸ್ ಸಿ) ಬಿಳಿನೊಣ ಡಿ) ನುಸಿ
ಉತ್ತರ: ಸಿ